ಪರಚಿದ ಸಗಣಿ

"ಅಯ್ಯಯ್ಯೋ, ಉರಿ ಕಣಮ್ಮಾ! ಉರಿ!"

ಕೆರೆಗೆ ಸೊಂಟದವರೆಗೂ ಇಳಿದಿದ್ದ ಕಾನ್‌ಸ್ಟೇಬಲ್ ಪ್ರಸಾದ್ ಇಳಿದಷ್ಟೇ ವೇಗದಲ್ಲಿ ಮೇಲಕ್ಕೆ ಹಾರಿದ. ಅಂಥ ಮೈಕಟ್ಟಿನ ಗಂಡಸು, ಗುಮಟಾಪುರದ ಸೋದರಮಾವಂದಿರ ಜೊತೆ ಬರಿಮೈಯಲ್ಲಿ ಸಗಣಿ ಕಾಳಗ ಆಡಿ ಬಂದವನು, ಬೆನ್ನಿಗೆ ನೀರು ಸೋಕಿದ ಕೂಡಲೇ ಎಳೆಮಗುವಿನ ಹಾಗೆ ಕುಣಿಯುವುದನ್ನು ಕಂಡು ಕೆರೆಗೆ ಕೆರೆಯೇ ನಕ್ಕಿತು.

ಸಬ್ ಇನ್ಸ್‌ಪೆಕ್ಟರ್ ಲೋಕೇಶ್ವರಿ ಮಾತ್ರ ನಗಲಿಲ್ಲ. ಕರಿಕಲ್ಲು ಗುಡ್ಡದ ಕೆಳಗಿನ ಕಟ್ಟೆ ನೀರಿಗೆ ವಿಷ ಬೆರೆಸಿ ಊರಿನ ದನ ಕೊಂದನೆಂದು ಜನ ಹೊಡೆದು ಹಾಕಲಿದ್ದ ರಾಚಪ್ಪನನ್ನು ನಿನ್ನೆ ಅವಳೇ ಬಿಡಿಸಿಕೊಂಡು ಹೋಗಿ ಠಾಣೆಯಲ್ಲಿ ಕೂರಿಸಿದ್ದಳು. ಇವತ್ತು ಸಂಜೆಯೊಳಗೆ ಅವನನ್ನು ಘಾಟಿ ಇಳಿಸಿ ಸತ್ಯಮಂಗಲದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಜೈಲು ಖಂಡಿತ. ಆ ಬಡಪಾಯಿಯೋ, ಎಷ್ಟು ಕೇಳಿದರೂ ತುಟಿ ಪಿಟಕ್ಕೆನ್ನಲಿಲ್ಲ. ಅವನು ವಿಷ ಹಾಕಿದವನಲ್ಲ ಎಂದು ಅವಳ ಒಳಮನಸ್ಸು ಕೂಗಿ ಹೇಳುತ್ತಿತ್ತು. ಒಳಮನಸ್ಸಿನ ಕೂಗನ್ನು ಯಾವ ಕೋರ್ಟು ಕೇಳುತ್ತದೆ ಹೇಳಿ!

"ಪ್ರಸಾದಣ್ಣ, ಸ್ವಲ್ಪ ತಿರುಗಿ ನಿಲ್ಲಿ" ಎಂದಳು.

ತಿರುಗಿದ. ಬೆನ್ನ ತುಂಬ ಸಣ್ಣ ಸಣ್ಣ ಕೆಂಪು ಗೀರು. ಬೆಕ್ಕು ಪರಚಿದ್ದಲ್ಲ, ಮುಳ್ಳು ತರಚಿದ್ದೂ ಅಲ್ಲ. ಬಡಗಿ ಹಲಗೆ ಉಜ್ಜುವ ಉಪ್ಪುಕಾಗದ ತಂದು ಮೈಗೆ ಉಜ್ಜಿದ ಹಾಗಿತ್ತು.

"ಯಾರಾದ್ರೂ ಕಲ್ಲಲ್ಲಿ ಹೊಡೆದ್ರಾ?"

"ಕಲ್ಲಾ? ಬೀರಪ್ಪನ ಕಾಳಗದಲ್ಲಿ ಕಲ್ಲು ಯಾರಮ್ಮ ಮುಟ್ತಾರೆ? ಕೈ ಸೇದೋಯ್ತದೆ! ಬರೀ ಸಗಣಿ ಕಣಮ್ಮಾ. ಸಗಣೀನೇ ಪರಚ್ತು."

ಮತ್ತೆ ನಗು. ನಗುವಂಥದ್ದೇ ಬಿಡಿ. ದೀಪಾವಳಿ ಮುಗಿದ ಮೇಲೆ ಬೀರೇಶ್ವರನ ಗುಡಿಯ ಹಿಂದೆ ಮಂಡಿ ಮುಳುಗುವಷ್ಟು ಸಗಣಿ ಸುರಿದು ಒಬ್ಬರ ಮೇಲೊಬ್ಬರು ಎರಚಾಡುವ ಈ ಹಬ್ಬಕ್ಕೆ ಕೈಕಾಲು ನೋವಿನವರು, ಕಜ್ಜಿ ಹುಣ್ಣಿನವರು ಎಲ್ಲೆಲ್ಲಿಂದಲೋ ಬಂದು ಮೈ ಒಡ್ಡುತ್ತಾರೆ. ಆ ಸಗಣಿ ತಾಗಿದರೆ ಇದ್ದ ಗಾಯ ಮಾಯುತ್ತದೆ ಎಂಬ ನಂಬಿಕೆ. ಇಲ್ಲದ ಗಾಯ ಆದದ್ದನ್ನು ಇಷ್ಟು ವರ್ಷಗಳಲ್ಲಿ ಯಾರೂ ಕಂಡದ್ದಿಲ್ಲ, ಕೇಳಿದ್ದಿಲ್ಲ.

ಲೋಕೇಶ್ವರಿ ಬೂಟು ಕಳಚಿ ಮೆಟ್ಟಿಲಿಳಿದಳು. ಹೆಂಗಸು, ಅದೂ ಖಾಕಿ ತೊಟ್ಟ ಹೆಂಗಸು, ಒಬ್ಬೊಬ್ಬರ ಬೆನ್ನು ನೋಡಿಕೊಂಡು ಬಂದರೆ ಗಂಡಸರ ಪಾಡೇನು? ಕೆಲವರು ಎದೆಯ ಮೇಲೆ ಕೈ ಕಟ್ಟಿಕೊಂಡರು. ಕೆಲವರು ಗುಳುಕ್ಕನೆ ನೀರಿನಲ್ಲಿ ಮುಳುಗಿದರು. ಮುಳುಗಿದವರು ಉಸಿರು ಕಟ್ಟಿ ಎದ್ದು ಬರುವವರೆಗೂ ಅವಳು ಅಲ್ಲೇ ನಿಂತು ಕಾದಳು.

ನೋಡಿದಂತೆಲ್ಲ ಒಂದು ವಿಷಯ ಸ್ಪಷ್ಟವಾಯಿತು. ಗುಡಿಯ ಗೋಡೆಯ ಕಡೆ ನಿಂತು ಆಡಿದವರ ಮೈ ನುಣ್ಣಗಿತ್ತು. ಅರಳಿಮರದ ಕಡೆ ನಿಂತವರ ಮೈಯೆಲ್ಲ ಗೀರು.

"ಅರಳಿಮರದ ಕಡೆ ಸುರಿದ ಸಗಣಿ ಯಾರ ಮನೇದು ಪ್ರಸಾದಣ್ಣ? ಮನೆಮನೆ ಸಗಣಿ ತುಂಬಿದ ಟ್ರ್ಯಾಕ್ಟರ್ ಜೊತೆ ನೀವೂ ಹೋಗಿದ್ರಲ್ಲ?"

ಪ್ರಸಾದ್ ಬೆನ್ನು ಕೆರೆದುಕೊಂಡ. "ಎಲ್ರದೂ ಸೇರೋಯ್ತದಲ್ಲಮ್ಮಾ. ಇದು ಇವರ್ದು, ಅದು ಅವರ್ದು ಅಂತ ಎಂಗೆ ಯೋಳದು? ಒತ್ತಾಯ್ತಾ ಬಂತು. ರಾಚಪ್ಪನ್ನ ಕರ್ಕಂಡು ಘಾಟಿ ಇಳಿಯಕ್ಕೆ ಜೀಪು ಒಲ್ಡುಸ್ಲಾ?"

"ಯಾಕ್ಲಾ ಗೊತ್ತಿಲ್ಲ ಅಂತೀಯ?" ಏರಿಯ ಮೇಲಿಂದ ಒಂದು ದನಿ ಬಂತು. "ಅದು ಸಿವಮಲ್ಲಪ್ನೋರ ಕೊಟ್ಟಿಗೇದು ಕಣವ್ವ. ಕೊನೆ ಟ್ರ್ಯಾಕ್ಟರು. ಅರಳಿಮರದ ಬುಡಕ್ಕೆ ಸುರುದ್ದ ನಾನೇ ಕಂಡಿವ್ನಿ."

ಮಂಕರಿ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದವಳು ಶಿವನಂಜಮ್ಮ. ಇವಳ ಎರಡು ಹಸು ಸತ್ತದ್ದಕ್ಕೇ ರಾಚಪ್ಪ ಠಾಣೆಯಲ್ಲಿ ಕೂತಿರುವುದು. ಕ್ಯಾನು ಹಿಡಿದು ಅವನು ಕಟ್ಟೆಯ ಮೇಲೆ ಬಗ್ಗಿದ್ದನ್ನು ಕಣ್ಣಾರೆ ಕಂಡೆ ಎಂದು ದೂರು ಕೊಟ್ಟವಳು ಇವಳೇ. ಪಶುವೈದ್ಯರು ಹಸುವಿನ ಹೊಟ್ಟೆ ಕೊಯ್ದು ನೋಡಬೇಕೆಂದಾಗ ಅವರ ಕತ್ತಿ ಕಿತ್ತು ಬೇಲಿಯಾಚೆ ಬಿಸಾಡಿ, ಅರಿಶಿನ ಕುಂಕುಮ ಇಟ್ಟು ಹಸುಗಳನ್ನು ಮಣ್ಣು ಮಾಡಿದವಳೂ ಇವಳೇ.

"ಅವರ ಕೊಟ್ಟಿಗೇದೇ ಅಂತ ಹೇಗೆ ಹೇಳ್ತೀಯಮ್ಮ? ಬೇರೆಯವರ ಮನೇದು ತುಂಬಿಸಿ ಕಳಿಸಿರಬಹುದಲ್ಲ?"

ಶಿವನಂಜಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ನೀನೂ ಇಲ್ಲೇ ಪಕ್ಕದೂರು ಗೆಟ್ಟವಾಡಿ ಎಣ್ಣಲ್ವಾ? ಇಷ್ಟೂ ತಿಳೀದಾ? ದನ ಇರೋ ಮನೆ ಒಂದ್ನೂ ಬುಡಂಗಿಲ್ಲ, ತಂತಮ್ಮ ಕೊಟ್ಟಿಗೇದೇ ಕೊಡ್ಬೇಕು. ಎರವಲು ಸಗಣಿ ಕೊಟ್ರೆ ಬೀರಪ್ಪ ಬುಟ್ಟಾನಾ? ಸಿವಮಲ್ಲಪ್ನೋರು ದೇವ್ರ ಇಸ್ಯದಲ್ಲಿ ಎಳ್ಳಷ್ಟೂ ತಪ್ಪೋರಲ್ಲ."

ಲೋಕೇಶ್ವರಿ ಗುಡಿಯ ಹಿಂದಕ್ಕೆ ಓಡಿದಳು. ಓಡಲೇಬೇಕಿತ್ತು. ಕಾಳಗ ಮುಗಿದ ಸಗಣಿ ಹೊಲಕ್ಕೆ ಚಿನ್ನ ಎಂದು ಹೆಂಗಸರು ಮಂಕರಿ ತುಂಬುತ್ತಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಅರಳಿಮರದ ಬುಡ ಗುಡಿಸಿಟ್ಟ ಅಂಗಳದಂತಾಗುತ್ತಿತ್ತು.

"ಈ ಕಡೇದು ಯಾರೂ ಮುಟ್ಟಬೇಡಿ!" ಎಂದು ಅಡ್ಡ ನಿಂತಳು.

"ಇದೇನವ್ವ, ಸಗಣಿಗೂ ಪೋಲೀಸ್ ಕಾವಲಾ?" ಎಂದು ಯಾರೋ ಚುಡಾಯಿಸಿದರು.

ಅವಳು ಒಂದು ಹಿಡಿ ತೆಗೆದು ಬೆರಳುಗಳ ನಡುವೆ ತಿಕ್ಕಿದಳು. ಚರಚರ ಎಂದಿತು. ಗೋಡೆಯ ಕಡೆಯದನ್ನು ತಿಕ್ಕಿದಳು. ಅದು ಬೆಣ್ಣೆ. ಚಹದಂಗಡಿಯಿಂದ ಎರಡು ಬಿಸ್ಕತ್ತಿನ ಡಬ್ಬಿ ತರಿಸಿ, ಎರಡೂ ಕಡೆಯದನ್ನು ತುಂಬಿ, ಬಟ್ಟೆ ಕಟ್ಟಿ, ಅರಗು ಮುದ್ರೆ ಹಾಕಿ ಪ್ರಸಾದನ ಕೈಗೆ ಕೊಟ್ಟು ಜೀಪಿನಲ್ಲಿಡಿಸಿದಳು. ಕಾವಲಿಗೆ ಇಬ್ಬರು ಹೋಮ್‌ಗಾರ್ಡುಗಳನ್ನು ನಿಲ್ಲಿಸಿ, "ನಡೀರಿ, ಶಿವಮಲ್ಲಪ್ಪನವರ ಕೊಟ್ಟಿಗೆಗೆ" ಎಂದಳು.

*

ಶಿವಮಲ್ಲಪ್ಪನೆಂದರೆ ಸಾಮಾನ್ಯದ ಕುಳವಲ್ಲ. ಗುಡ್ಡದ ತಪ್ಪಲಿನ ಜಮೀನೆಲ್ಲ ಅವನದು, ಗುಡ್ಡದ ಮೇಲಿನ ಕರಿಕಲ್ಲಿನ ಕ್ವಾರಿಯೂ ಅವನದೇ. ಗುತ್ತಿಗೆ ಮುಗಿದ ಮೇಲೆ ಒಂದು ಕಲ್ಲೂ ಮುಟ್ಟಿಲ್ಲ, ಗುಂಡಿಯಲ್ಲಿ ಮಳೆನೀರು ನಿಂತಿದೆ ಎಂದು ಊರಿಗೂ ಸರ್ಕಾರಕ್ಕೂ ಹೇಳಿಕೊಂಡು ಬಂದಿದ್ದಾನೆ. ಊರು ನಂಬಿತ್ತು. ಮದ್ದು ಸಿಡಿದ ಸದ್ದಿಲ್ಲ, ನೆಲ ಅದುರಿದ್ದಿಲ್ಲ, ಇನ್ನೇನು? ಕಳ್ಳತನದಲ್ಲಿ ಕೊಯ್ಯುತ್ತಿದ್ದಾರೆ ಸ್ವಾಮಿ ಎಂದು ಕಚೇರಿಗಳಿಗೆ ಅರ್ಜಿ, ಇಲ್ಲಿಯವರ ಮಾತಿನಲ್ಲಿ ಮನು, ಕೊಟ್ಟು ಕೊಟ್ಟು ಚಪ್ಪಲಿ ಸವೆಸಿದವನು ರಾಚಪ್ಪನೊಬ್ಬನೇ. ಕೊನೆಗೆ ಊರ ಮೇಲೆ ಚಾಡಿ ಹೇಳುವವನೆಂದು ಅವನಿಗೇ ಹೆಸರು ಬಂತು.

ಹಬ್ಬವಾದ್ದರಿಂದ ಯಜಮಾನ ಗುಡಿಯಲ್ಲಿದ್ದ. ಕೊಟ್ಟಿಗೆಯ ಬಳಿ ಸಿಕ್ಕವಳು ಸೊಸೆ ಸೌಮ್ಯ. ಜೀಪಿನಿಂದ ಇಳಿಯುವಾಗ ಪ್ರಸಾದ್ ಫೋನು ಕಿವಿಗಿಟ್ಟು, "ಎಂಡ್ತಿ ಫೋನು ಅಮ್ಮಾ, ನೀವು ನಡೀರಿ" ಎಂದು ಬೇವಿನಮರದ ಆಚೆಗೆ ಸರಿದ.

ಆ ಮನೆಯ ದನಗಳು ಗುಡ್ಡದ ಇಳಿಜಾರಿನಲ್ಲಿ ಮೇಯುತ್ತಿದ್ದವು. ಲೋಕೇಶ್ವರಿ ಬಗ್ಗಿ ಹುಲ್ಲಿನ ಒಂದು ಗರಿ ಎಳೆದು ಬೆರಳಿನಲ್ಲಿ ಸವರಿದಳು. ಬೆರಳು ಬೂದಿ ಬಣ್ಣವಾಯಿತು. ಮೇಲೆ ಹತ್ತಿ ಇಣುಕಿದಳು. ಅಬ್ಬಾ! ಗುಂಡಿಯ ಒಂದು ಬದಿಯಲ್ಲಿ ನಿಂತ ನೀರು ಇತ್ತು ನಿಜ. ಇನ್ನೊಂದು ಬದಿಯಲ್ಲಿ ಮನೆಯೆತ್ತರದ ಕರಿಕಲ್ಲು, ಬೆಣ್ಣೆಗೆ ದಾರ ಎಳೆದು ಕೊಯ್ದಂತೆ ನೆಟ್ಟಗೆ ಕೊಯ್ದು, ಇನ್ನೂ ಒದ್ದೆ ಒದ್ದೆಯಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಟಾರ್ಪಾಲು ಹೊದ್ದ ತಂತಿಗರಗಸ. ಮದ್ದೇಕೆ ಬೇಕು ಇದಕ್ಕೆ? ನೀರು ಬಿಟ್ಟುಕೊಂಡು ತಂತಿ ತಿರುಗಿಸಿದರೆ ಸದ್ದಿಲ್ಲದೆ ಬೆಟ್ಟವೇ ಇಬ್ಭಾಗ. ಕೊಯ್ದ ಪುಡಿ ನೀರಿನ ಜೊತೆ ಗಂಜಿಯಾಗಿ, ಬೂದುಬಣ್ಣದ ಒಂದು ಗೆರೆಯಾಗಿ ಹರಿದು ಕೆಳಗೆ ಇಳಿದಿತ್ತು. ಇಳಿದದ್ದು ಎಲ್ಲಿಗೆ? ಊರಿನ ದನ ಕುಡಿಯುವ ಅದೇ ಕಟ್ಟೆಗೆ.

ಕೊಯಮತ್ತೂರಿನಲ್ಲಿ ಅಪರಾಧಶಾಸ್ತ್ರ ಓದುವಾಗ ಅವಳ ಮೇಷ್ಟ್ರೊಬ್ಬರು ಕೇಳುತ್ತಿದ್ದರು: "ಮನುಷ್ಯನನ್ನು ಕೊಂದರೆ ಹೆಣವಿರುತ್ತದೆ, ದೂರು ಕೊಡಲು ನೆಂಟರಿರುತ್ತಾರೆ. ಬೆಟ್ಟ ಕೊಂದರೆ ದೂರು ಕೊಡುವವರು ಯಾರು? ನೀರು ಠಾಣೆಗೆ ಬರುತ್ತದೆಯೇ?" ಮುರಿದ ಕಾಯ್ದೆಯನ್ನಷ್ಟೇ ಹುಡುಕಿದರೆ ದಂಡದ ಚೀಟಿ ಸಿಗುತ್ತದೆ, ಯಾರಿಗೆ ಏನು ಕೆಡುಕಾಯಿತೆಂದು ಹುಡುಕಿದರೆ ಅಪರಾಧಿ ಸಿಗುತ್ತಾನೆ ಎನ್ನುತ್ತಿದ್ದರು ಅವರು. ಇಂಥ ಅಪರಾಧದಲ್ಲಿ ಕೆಡುಕು ಅನುಭವಿಸಿದವರ ಕೈಗೇ ಕೋಳ ಬೀಳುವುದು ಹೆಚ್ಚು ಎಂದೂ ಹೇಳಿದ್ದರು. ರಾಚಪ್ಪನ ಕೈ ನೆನಪಾಯಿತು ಅವಳಿಗೆ.

ಆದರೆ ಇಷ್ಟು ಸಾಲದು. ಯಾರೋ ಹೊರಗಿನ ಕಳ್ಳರು ಬಂದು ಕೊಯ್ದಿದ್ದಾರೆ, ನನಗೇನು ಗೊತ್ತು ಎಂದು ಶಿವಮಲ್ಲಪ್ಪ ಕೈ ತೊಳೆದುಕೊಂಡರೆ ಮುಗಿಯಿತು. ಅವನಿಗೆ ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಬೇಕು.

ಆ ಸಾಕ್ಷಿ ಕೊಟ್ಟಿಗೆಯ ಮುಂದೆಯೇ ಇತ್ತು. ಸಿಮೆಂಟಿನ ತೊಟ್ಟಿ, ಅದಕ್ಕೆ ಬೋರಿನಿಂದ ಎಳೆದ ಪೈಪು.

"ಕಟ್ಟೆ ಇಷ್ಟು ಹತ್ತಿರ ಇದ್ದೂ ದನಕ್ಕೆ ಬೋರ್ ನೀರಾ ಸೌಮ್ಯ?"

"ನಮ್ ಮಾವ್ನೋರೇ ಕಟ್ಸುದ್ದು ಅಕ್ಕ" ಎಂದಳು ಸೌಮ್ಯ, ಪಾಪ, ಹೆಮ್ಮೆಯಿಂದಲೇ. "ಇನ್ಮೇಲೆ ಕಟ್ಟೆ ನೀರು ನಮ್ ದನಕ್ಕೆ ಕುಡುಸ್ಬೇಡಿ ಅಂದ್ರು. ಯುಗಾದಿ ಅಬ್ಬದ ಒತ್ಗೆಲ್ಲ ಕಟ್ಟಾಗಿತ್ತು."

ಊರಿನ ದನ ಸಾಯಲು ಶುರುವಾದದ್ದು ಮಳೆಗಾಲ ಕಳೆದ ಮೇಲೆ!

ಲೋಕೇಶ್ವರಿ ತೊಟ್ಟಿಯ ಅಂಚು ಸವರಿ ಮೊದಲ ಸಲ ನಕ್ಕಳು.

*

ಗುಡಿಯ ಮುಂದಿನ ಜಗಲಿಯಲ್ಲಿ ಶಿವಮಲ್ಲಪ್ಪ ಬಿಳಿ ಪಂಚೆ, ವಿಭೂತಿ, ಹೆಗಲ ಮೇಲೆ ಜರಿಯ ವಲ್ಲಿ, ಎಲ್ಲ ಗತ್ತಿನಲ್ಲಿ ಕೂತಿದ್ದ. ಸಗಣಿ ತೊಳೆದುಕೊಂಡು ಬಂದ ಊರೆಲ್ಲ ಅಲ್ಲೇ ನೆರೆದಿತ್ತು. ರಾಚಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮ ಒಬ್ಬಳೇ ದೂರದ ಬೇಲಿಯ ಬಳಿ ನಿಂತಿದ್ದಳು. ಹತ್ತಿರ ಕರೆಯುವವರು ಯಾರೂ ಇರಲಿಲ್ಲ.

"ಬನ್ನಿ ಇನ್ಸ್‌ಪೆಕ್ಟ್ರಮ್ಮಾ. ನಮ್ ಕೊಟ್ಟಿಗೆ ತಾವ್ಕೆ ಓಗಿದ್ರಂತೆ? ಗುಡ್ಡಾನೂ ಅತ್ತಿದ್ರಂತೆ?" ಎಂದ, ನಗುನಗುತ್ತಲೇ.

ಇಷ್ಟು ಬೇಗ ಸುದ್ದಿ! ಸೊಸೆ ಫೋನು ಮಾಡಿರಬೇಕು ಅಂದುಕೊಂಡಳು ಲೋಕೇಶ್ವರಿ.

"ಹೌದು ಯಜಮಾನ್ರೇ. ನಿಂತುಹೋದ ಕ್ವಾರಿಯಲ್ಲಿ ಕಲ್ಲು ಇನ್ನೂ ಒದ್ದೆ ಇದೆ."

ಜನ ಗುಸುಗುಟ್ಟಿದರು. ಶಿವಮಲ್ಲಪ್ಪ ಕಣ್ಣರಳಿಸಿದ. "ಅಂಗಾ! ಯಾವ ಕಳ್ಳ ನನ್ಮಕ್ಳು ಬಂದು ಕುಯ್ದವ್ರೋ! ನಾನು ಆ ದಿಕ್ಕಿಗೆ ತಲೆ ಆಕಿಲ್ಲವ್ವ. ನನ್ ದನಾನೂ ಆ ಕಡೀಕೆ ಬುಟ್ಟಿಲ್ಲ. ಊರ್ಮುಂದ್ಲ ಗೋಮಾಳದಲ್ಲೇ ಮೇಯ್ತವೆ."

"ಶಿವನಂಜಮ್ಮ, ಎರಡು ತಂಬಿಗೆ ನೀರು ತರ್ತೀಯಾ?" ಎಂದು ಲೋಕೇಶ್ವರಿ ಕೂಗಿದಳು. "ನೀನು ದೂರು ಕೊಟ್ಟವಳು. ನಿನ್ನ ಕೈಯಲ್ಲೇ ಆಗಲಿ."

ಶಿವನಂಜಮ್ಮ ತಂದಳು. ಹೋಮ್‌ಗಾರ್ಡು ಕಾಯುತ್ತಿದ್ದ ಗುಡ್ಡೆಯಿಂದ ಒಂದು ಹಿಡಿ, ಗೋಡೆಯ ಕಡೆಯಿಂದ ಒಂದು ಹಿಡಿ. ಅಕ್ಕಿ ಜಾಲಿಸಿದ ಹಾಗೆ ತಂಬಿಗೆ ಅಲುಗಿಸಿ ನೀರು ಬಸಿದು, ಮತ್ತೆ ತುಂಬಿ, ಮತ್ತೆ ಬಸಿದಳು. ಗೋಡೆಯ ಕಡೆಯದರಲ್ಲಿ ಹುಲ್ಲಿನ ನಾರು ತೇಲಿಹೋಗಿ ತಳ ಖಾಲಿಯಾಯಿತು. ಅರಳಿಮರದ ಕಡೆಯ ತಂಬಿಗೆಯನ್ನು ಅಂಗೈಗೆ ಬೋರಲು ಹಾಕಿದಳು. ಅಂಗೈ ತುಂಬ ಕಪ್ಪು ಪುಡಿ ಸಂಜೆ ಬಿಸಿಲಿಗೆ ಮಿಣಮಿಣ ಅಂದಿತು.

"ಕರಿಕಲ್ಲು!" ಎಂದರು ಯಾರೋ.

"ಇದು ನಿಮ್ಮ ಕೊಟ್ಟಿಗೆಯ ಸಗಣಿ ಯಜಮಾನ್ರೇ. ಊರ ಮುಂದಿನ ಗೋಮಾಳದಲ್ಲಿ ಮೇಯ್ದ ದನದ ಹೊಟ್ಟೆಗೆ ಕಲ್ಲಿನ ಪುಡಿ ಹೇಗೆ ಬಂತು?"

ಶಿವಮಲ್ಲಪ್ಪನ ನಗು ಅರ್ಧಕ್ಕೆ ನಿಂತಿತು. ಆದರೂ ಗಟ್ಟಿ ಆಸಾಮಿ. "ನಮ್ದು ಅಂತ ಏನು ಗುರುತದೆ? ಅದರ ಮ್ಯಾಲೆ ನನ್ ಎಸ್ರು ಬರ್ದದಾ? ಅದು ನಮ್—"

"ಹೇಳಿ" ಎಂದಳು ಲೋಕೇಶ್ವರಿ. ಪಕ್ಕಕ್ಕೆ ಸರಿದು, ತೆರೆದ ಗರ್ಭಗುಡಿಯ ಕಡೆ ಕೈ ತೋರಿಸಿದಳು. "ಅದು ನಮ್ಮ ಕೊಟ್ಟಿಗೇದಲ್ಲ ಅಂತ ಹೇಳಿ. ಬೀರಪ್ಪನಿಗೆ ಈ ವರ್ಷ ಎರವಲು ಸಗಣಿ ಕೊಟ್ಟೆ ಅಂತ ಆ ಕಡೆ ತಿರುಗಿ ಒಂದು ಮಾತು ಹೇಳಿಬಿಡಿ. ನಾನು ಈಗಲೇ ಜೀಪು ಹತ್ತಿ ಹೋಗ್ತೀನಿ."

ಊರೆಲ್ಲ ಗರ್ಭಗುಡಿಯ ಕಡೆ ತಿರುಗಿತು.

ಅಲ್ಲಾ ನೋಡಿ! ಸರ್ಕಾರಕ್ಕೆ ಸುಳ್ಳು ಹೇಳಿದವನು, ಊರಿನ ಕಣ್ಣಿಗೆ ಮಣ್ಣೆರಚಿದವನು, ಟ್ರ್ಯಾಕ್ಟರು ಬಾಗಿಲಿಗೆ ಬಂದಾಗ ಬೇರೆ ಯಾರ ಮನೆಯ ಸಗಣಿಯನ್ನಾದರೂ ತುಂಬಿಸಿ ಕಳಿಸಬಹುದಿತ್ತು. ಕಳಿಸಲಿಲ್ಲ. ಅದು ದೇವರ ಪಾಲು. ಆ ಒಂದು ವಿಷಯದಲ್ಲಿ ಅವನ ಕೈ ಸುಳ್ಳಾಡಲಿಲ್ಲ, ಈಗ ಬಾಯಿಯೂ ಆಡಲಿಲ್ಲ. ವಿಭೂತಿಯ ಮೇಲೆ ಬೆವರು ಇಳಿಯಿತು.

"ನಮ್ದೇಯ" ಎಂದ ಕೊನೆಗೆ, ನೆಲ ನೋಡುತ್ತ. "ದೇವ್ರಿಗೆ ಸುಳ್ಳು ಯೋಳಕ್ಕಾಯ್ತದಾ? ನಮ್ ಕೊಟ್ಟಿಗೇದೇಯ."

"ಹಾಗಾದ್ರೆ ದನ ಗುಡ್ಡದಲ್ಲೇ ಮೇಯ್ದಿವೆ. ಇನ್ನೊಂದು ಹೇಳಿ. ಕಲ್ಲಿನ ಪುಡಿ ಕೂತ ಹುಲ್ಲು ಮೇಯ್ದರೂ ನಿಮ್ಮ ದನ ಒಂದೂ ಸಾಯಲಿಲ್ಲ. ಶಿವನಂಜಮ್ಮನ ಹಸು ಯಾಕೆ ಸತ್ತವು?"

"ರಾಚ ಇಸ ಆಕ್ದ ಅಂತ ಊರೇ ಯೋಳ್ತದೆ."

"ಊರಿಗೆ ಗೊತ್ತಿಲ್ಲದ್ದು ನಾನು ಹೇಳ್ತೀನಿ. ಕೊಯ್ದ ಕಲ್ಲಿನ ಗಂಜಿ ಕಟ್ಟೆಗೆ ಇಳೀತಿದೆ. ದನ ಮುಸುಡಿ ಇಟ್ಟಾಗ ತಳದ ರಾಡಿ ಎದ್ದು ಹೊಟ್ಟೆ ಸೇರಿ ಗಟ್ಟಿಯಾಗ್ತದೆ. ಅದು ನಿಮಗೆ ಯುಗಾದಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ನಿಮ್ಮ ದನಕ್ಕೆ ಬೋರ್ ನೀರಿನ ತೊಟ್ಟಿ ಕಟ್ಟಿಸಿದ್ರಿ. ಊರಿಗೆ ಒಂದು ಮಾತು ಹೇಳಲಿಲ್ಲ."

ಇಂಥವರ ಬಾಯಲ್ಲಿ ಬರುವ ಸಬೂಬುಗಳಿಗೆ ಅವಳ ಪಾಠದಲ್ಲಿ ಒಂದು ಇಡೀ ಅಧ್ಯಾಯವಿತ್ತು. ಏನೂ ಕೆಟ್ಟಿಲ್ಲ, ಕೆಟ್ಟಿದ್ದರೂ ನಾನಲ್ಲ, ನಾನೇ ಆದರೂ ನಾಲ್ಕು ಜನರ ಒಳ್ಳೆಯದಕ್ಕೆ. ಮೊದಲ ಎರಡು ಆಗಲೇ ಬಂದುಹೋಗಿದ್ದವು. ಮೂರನೆಯದಕ್ಕೆ ಅವಳು ಸುಮ್ಮನೆ ಕಾದಳು. ಬಂತು.

"ಊರಿಗೇನು ಕಮ್ಮಿ ಮಾಡಿವ್ನಿ?" ಶಿವಮಲ್ಲಪ್ಪ ಎದ್ದು ನಿಂತ. "ಈ ಗುಡಿ ಗೋಪುರ ಯಾರ್ ಕಟ್ಸುದ್ದು? ಎಷ್ಟು ಮನೆ ಐಕ್ಳಿಗೆ ಕೂಲಿ ಕೊಟ್ಟಿವ್ನಿ? ಅದೆಲ್ಲ ಆ ಕಲ್ಲಿಂದ್ಲೇ ಬಂದದ್ದು! ಬೆ‌ಟ್ಟ ಏನು, ಯಾರ್ದಾರ ಅಪ್ಪನ ಮನೆ ಗಂಟಾ? ಎರಡು ಅಸ ಸತ್ರೆ ಏನಂತೆ, ನಾಕು ಕೊಡುಸ್ತೀನಿ!"

ಆ ಮಾತು ಆಡಬಾರದಿತ್ತು.

ಶಿವನಂಜಮ್ಮ ಕಪ್ಪು ಪುಡಿಯ ಕೈ ಹಾಗೆಯೇ ಚಾಚಿಕೊಂಡು ಅವನೆದುರು ಬಂದು ನಿಂತಳು. "ನಾಕು ಕೊಡುಸ್ತೀಯಾ? ನನ್ ಗೌರಿ ಮೂರು ದಿನ ನೆಲಕ್ಕೆ ತಲೆ ಚಚ್ಕಂಡು ಸತ್ತಳಲ್ಲಪ್ಪಾ! ನೀನೇ ಬಂದು ಕಣ್ಣೀರು ಒರ್ಸುದ್ದೆ. ರಾಚ ಕಟ್ಟೆಗೆ ಇಸ ಆಕ್ತಾವ್ನೆ, ಓಗಿ ನೋಡು ಅಂತ ನನ್ ಕಿವೀಲಿ ಊದಿ ಕಳ್ಸುದ್ದೂ ನೀನೇ!" ಸೆರಗಿನಲ್ಲಿ ಮುಖ ಒರೆಸಿಕೊಂಡು ಲೋಕೇಶ್ವರಿಯ ಕಡೆ ತಿರುಗಿದಳು. "ಅಗೀರಿ ಅವ್ವ. ನನ್ ಗೌರಿ ಮಣ್ಣು ಅಗೀರಿ. ಡಾಕ್ಟ್ರು ಒಟ್ಟೆ ಕುಯ್ಲಿ, ಒಳಗೇನದೆ ಲೋಕ ನೋಡ್ಲಿ. ಆವತ್ತು ಬುಡ್ನಿಲ್ಲ, ಈಗ ನಾನೇ ನಿಂತು ಅಗುಸ್ತೀನಿ."

ಆ ಮೇಲೆ ಏನಾಯಿತೆಂದು ಕೇಳಬೇಡಿ. ಮೊದಲು ಒಬ್ಬ ಸಿಳ್ಳೆ ಹಾಕಿದ. ಆಮೇಲೆ ಇಡೀ ಊರೇ ಬಾಯಿ ಬಿಟ್ಟಿತು. ಗೀರುಬಿದ್ದ ಬೆನ್ನಿನ ಗಂಡಸರೆಲ್ಲ ಅಂಗಿ ಕಳಚಿ, "ನಮ್ ಬೆನ್ನೂ ಸಾಕ್ಸಿ ಕಣಮ್ಮಾ!" ಎಂದು ಸಾಲುಗಟ್ಟಿದರು. ಲೋಕೇಶ್ವರಿ ಠಾಣೆಗೆ ಫೋನು ಮಾಡಿದಳು. ರಾಚಪ್ಪನನ್ನು ಹೊತ್ತು ತಂದ ವ್ಯಾನು ಅವನನ್ನು ಇಳಿಸಿ, ಅದೇ ಸೀಟಿನಲ್ಲಿ ಶಿವಮಲ್ಲಪ್ಪನನ್ನು ಕೂರಿಸಿಕೊಂಡು ಹಿಂತಿರುಗಿತು. ಘಾಟಿ ಇಳಿಯಬೇಕಾದವನು ಇವತ್ತು ಹೇಗೂ ಒಬ್ಬ ಇದ್ದೇ ಇದ್ದ!

ಶಿವನಂಜಮ್ಮ ರಾಚಪ್ಪನ ಎರಡೂ ಕೈ ಹಿಡಿದು, "ನನ್ ಒಟ್ಟೆಗಾಕ್ಕಳಪ್ಪ, ತಪ್ಪಾಯ್ತು" ಎಂದು ಅತ್ತಳು. ಬೇಲಿಯ ಬಳಿಯಿದ್ದ ಚಿಕ್ಕಲಕ್ಷ್ಮಮ್ಮನನ್ನು ಹೆಂಗಸರೇ ಹೋಗಿ ಕೈಹಿಡಿದು ಕರೆತಂದು ಗುಡಿಯ ಮುಂದೆ ನಿಲ್ಲಿಸಿ ಹೂ ಮುಡಿಸಿದರು. ಅವಳು ಗಂಡನನ್ನು ನೋಡಿ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಲೋಕೇಶ್ವರಿಗೂ ಕಣ್ಣು ತೇವವಾಯಿತು. ಇದಕ್ಕಾಗಿ ತಾನೇ ಈ ಖಾಕಿ ತೊಟ್ಟದ್ದು ಅನ್ನಿಸಿತು.

*

ತಮಟೆ ಶುರುವಾಯಿತು. ಹಬ್ಬದ ಕೊನೆಯ ಶಾಸ್ತ್ರ ಬಾಕಿಯಿತ್ತು. ಊರ ಮೇಲೆ ಚಾಡಿ ಹೇಳುವ ಚಾಡಿಕೋರನ ಹುಲ್ಲಿನ ಬೊಂಬೆಯನ್ನು ಹೊತ್ತುಕೊಂಡು ಊರಾಚೆಯ ದಿಣ್ಣೆಗೆ ಹೋಗಿ ಸುಡಬೇಕು. ಮೆರವಣಿಗೆ ಕುಣಿಯುತ್ತ ಹೊರಟಿತು.

ಲೋಕೇಶ್ವರಿ ರಾಚಪ್ಪನನ್ನು ಗುಡಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿ ಟೀ ಕೊಡಿಸಿದಳು.

"ಇನ್ನಾದ್ರೂ ಹೇಳು ರಾಚಪ್ಪಣ್ಣ. ಕ್ಯಾನು ಹಿಡ್ಕೊಂಡು ಕಟ್ಟೆ ಹತ್ತಿರ ಏನು ಮಾಡ್ತಿದ್ದೆ?"

"ಆಕ್ತಿರ್ನಿಲ್ಲ ಕಣವ್ವ. ತುಂಬ್ಕತಿದ್ದೆ" ಎಂದ ರಾಚಪ್ಪ. "ಅದು ಎರಡ್ನೇ ಕ್ಯಾನು. ವಾರದ ಇಂದೆ ಇಂಗೇ ಒಂದು ಕ್ಯಾನು ನೀರು, ಮನು ಎರಡ್ನೂ ನಿಮ್ ಟೇಸನ್ಗೇ ತಂದು ಕೊಟ್ಟಿದ್ನಲ್ಲ. ಟೆಸ್ಟಿಗೆ ಕಳ್ಸಿ ಅಂದಿದ್ದೆ. ಇನ್ನೊಂದು ಕ್ಯಾನು ಬೇಕು, ಇಂತಾ ದಿನ ಇಷ್ಟೊತ್ಗೆ ಓಗಿ ತುಂಬ್ಕ ಅಂದ್ರು. ಓದೆ. ತಿರುಗಿ ನೋಡಿದ್ರೆ ಶಿವನಂಜವ್ವ ನಿಂತಿದ್ಲು."

ಲೋಕೇಶ್ವರಿ ಟೀ ಲೋಟ ಕೆಳಗಿಟ್ಟಳು. ಅಂಥ ಮನುವೂ ಅವಳ ಮೇಜಿಗೆ ಬಂದಿರಲಿಲ್ಲ, ಕ್ಯಾನೂ ಬಂದಿರಲಿಲ್ಲ.

"ನಿನ್ನೆ ಇಡೀ ದಿನ ಕೇಳಿದೆನಲ್ಲ. ಯಾಕೆ ಬಾಯಿ ಬಿಡಲಿಲ್ಲ?"

"ಎಂಗೆ ಬುಡದವ್ವ? ಯಾರ್ ಕೈಗೆ ಕೊಟ್ಟೆ ಅಂತ ಯೋಳ್ಬೇಕಿತ್ತು. ಅಂವ ನನ್ ಪಕ್ಕದಲ್ಲೇ ಕಾವಲಿಗೆ ಕೂತಿದ್ದ."

ಇವತ್ತು ಕೇಳಿದ ಮಾತುಗಳು ಒಂದೊಂದಾಗಿ ನೆನಪಾದವು. ಎಲ್ರದೂ ಸೇರೋಯ್ತದಲ್ಲಮ್ಮಾ. ಜೀಪು ಒಲ್ಡುಸ್ಲಾ? ಎಂಡ್ತಿ ಫೋನು ಅಮ್ಮಾ.

ತಿರುಗಿ ನೋಡಿದಳು. ಅರಳಿಮರದ ಬುಡದ ಗುಡ್ಡೆ ಗುಡಿಸಿಟ್ಟಂತೆ ಖಾಲಿ.

"ಶಿವನಂಜಮ್ಮ! ಇಲ್ಲಿದ್ದ ಸಗಣಿ ಎಲ್ಲಿ?"

"ಒಲಕ್ಕೆ ಒಯ್ದ್ರು ಕಣವ್ವ. ಕೇಸು ಮುಗೀತು, ಮೇಡಂ ಯೋಳವ್ರೆ, ತಗಂಡೋಗಿ ಅಂದ್ನಲ್ಲ ನಮ್ ಪ್ರಸಾದ."

ಜೀಪಿಗೆ ಓಡಿದಳು. ಸೀಟಿನ ಕೆಳಗೆ ಎರಡೂ ಡಬ್ಬಿ ಇದ್ದವು. ಅರಗಿನ ಮುದ್ರೆ ಇರಲಿಲ್ಲ. ಮುಚ್ಚಳ ತೆಗೆದಳು. ಒಳಗೆಲ್ಲ ತೊಳೆದು ಒರೆಸಿದ್ದರು.

ಅವಳು ಆ ಖಾಲಿ ಡಬ್ಬಿಗಳನ್ನು ಎತ್ತಿಕೊಂಡಳು. ಆಮೇಲೆ ನಗು ಉಕ್ಕಿತು. ತಡೆಯಲಾರದೆ ಜೋರಾಗಿಯೇ ನಕ್ಕಳು. ಅಯ್ಯೋ ಪ್ರಸಾದಣ್ಣ! ಡಬ್ಬಿ ತೊಳೆದೆ ಸರಿ, ಶಿವಮಲ್ಲಪ್ಪನ ದನಗಳು ನಾಳೆ ಬೆಳಿಗ್ಗೆಯೂ ಸಗಣಿ ಹಾಕುತ್ತವಲ್ಲೋ! ಗೌರಿಯ ಹೊಟ್ಟೆ ಮಣ್ಣಿನಡಿ ಹಾಗೇ ಇದೆಯಲ್ಲೋ! ಊರು ತನ್ನ ಕಿವಿಯಾರೆ ಕೇಳಿದ ಮಾತನ್ನು ಯಾವ ಕೆರೆಯಲ್ಲಿ ತೊಳೆಯುತ್ತೀ?

"ಬಾ ರಾಚಪ್ಪಣ್ಣ" ಎಂದು ಬೂಟು ಬಿಗಿದಳು. "ಚಾಡಿಕೋರನ್ನ ಸುಡೋದು ನೋಡೋಣ."

ಇಬ್ಬರೂ ದಿಣ್ಣೆ ಹತ್ತಿದರು. ಮುಸ್ಸಂಜೆಯ ಬೆಳಕಿನಲ್ಲಿ ಹುಲ್ಲಿನ ಬೊಂಬೆ ಎತ್ತರಕ್ಕೆ ನಿಂತಿತ್ತು. ಅದರ ಮುಂದೆ ಉರಿಯುವ ಪಂಜು ಹಿಡಿದು, ಬೆನ್ನ ಗೀರುಗಳು ಕಾಣುವಂತೆ ಬರಿಮೈಯಲ್ಲಿ ಕುಣಿಯುತ್ತಿದ್ದವನು ಕಾನ್‌ಸ್ಟೇಬಲ್ ಪ್ರಸಾದ್. ಜನ ಜೈಕಾರ ಕೂಗಿ ದಾರಿ ಬಿಟ್ಟರು. ಅವನು ತಿರುಗಿ ನೋಡಿದ. ಮೊದಲು ಲೋಕೇಶ್ವರಿಯನ್ನು ಕಂಡ. ಆಮೇಲೆ ಅವಳ ಪಕ್ಕದಲ್ಲಿದ್ದ ರಾಚಪ್ಪನನ್ನು ಕಂಡ. ಆಮೇಲೆ ಅವಳ ಕಂಕುಳಲ್ಲಿದ್ದ ಖಾಲಿ ಡಬ್ಬಿಗಳನ್ನು.

ತಮಟೆ ನಿಂತಿತು. ಬೊಂಬೆಗೆ ಬೆಂಕಿ ತಾಗುವ ಮೊದಲೇ ಪಂಜು ನೆಲಕ್ಕೆ ಬಿದ್ದು ಆರಿತು.